ಹನ್ನೆರಡು ಸೆಕೆಂಡಿನ ಹೊಗೆ

ಎಲ್ಲಿಂದ ಶುರು ಮಾಡಲಿ? ಹಡಗಿನಿಂದ ಶುರು ಮಾಡಿದರೆ ನೀವು ಪುಟ ತಿರುಗಿಸುತ್ತೀರಿ. ಗಂಡ ಹೆಂಡತಿ ಜಗಳದಿಂದ ಶುರು ಮಾಡಿದರೆ ಕುರ್ಚಿ ಎಳೆದುಕೊಂಡು ಕೂರುತ್ತೀರಿ. ಹಾಗಾಗಿ ಹಠಕ್ಕೆ ಬಿದ್ದು ಹಡಗಿನಿಂದಲೇ ಶುರು ಮಾಡುತ್ತೇನೆ.

೧

ಅದು ಗ್ಯಾಸ್‌ನಿಂದ ಓಡುವ ಹೊಸ ಫೆರಿ. ದಿನಕ್ಕೆ ಆರು ಸಲ ಈ ದಡದಿಂದ ಆ ದಡಕ್ಕೆ, ಒಂದೊಂದು ಸಲಕ್ಕೂ ಮುನ್ನೂರು ಜನ. ಚಿಮಣಿಯಲ್ಲಿ ಹೊಗೆಯ ಸುಳಿವೇ ಇಲ್ಲ. ಫೋಟೊ ತೆಗೆಯುವವರಿಗೆ ಅದೇ ತಲೆನೋವು. ಹಡಗು ಓಡುತ್ತಿದೆಯೋ ನಿಂತಿದೆಯೋ ದೂರದ ಫೋಟೊದಲ್ಲಿ ಗೊತ್ತಾಗುವುದಿಲ್ಲ.

(ಕಂಪನಿಯ ಕರಪತ್ರದ ಹಾಗಾಯಿತು. ಹರಿದು ಹಾಕಿದ್ದೇನೆ. ನೀವು ಓದಿಬಿಟ್ಟಿದ್ದರೆ ಅದಕ್ಕೆ ನಾನು ಹೊಣೆಯಲ್ಲ.)

೧, ಇನ್ನೊಮ್ಮೆ

ಗಂಡನದು ಪಾಸ್‌ಪೋರ್ಟ್ ಫೋಟೊ ಸ್ಟುಡಿಯೊ. ದಿನವಿಡೀ ಜನರಿಗೆ "ನಗಬೇಡಿ" ಎನ್ನುವುದೇ ಅವನ ಕಸುಬು. ಹೆಂಡತಿ ಫೆರಿಯ ಇಂಜಿನಿಯರ್. ಹಳೆಯ ಡೀಸೆಲ್ ಫೆರಿಯ ಕಾಲದಲ್ಲಿ, ಬೆಳಿಗ್ಗೆ ಏಳು ನಲವತ್ತಕ್ಕೆ ಕಲ್ಲುಕಟ್ಟೆ ದಾಟುವಾಗ ಅವಳು ಲಿವರನ್ನು ಒಂದಿಷ್ಟು ಜಗ್ಗುತ್ತಿದ್ದಳು. ಚಿಮಣಿಯಿಂದ ಬುಸ್ಸೆಂದು ಕಪ್ಪು ಹೊಗೆ. ಕಟ್ಟೆಯ ಮೇಲೆ ಕ್ಯಾಮೆರಾ ಹಿಡಿದು ನಿಂತವನಿಗೆ ಅದು 'ಹೋಗಿ ಬರ್ತೀನಿ'. ಕೆಳಗಿನ ಇಂಜಿನ್ ರೂಮಿಗೆ ಕಿಟಕಿ ಇಲ್ಲ. ಅವನು ಬಂದಿದ್ದಾನೋ ಇಲ್ಲವೋ ಅವಳಿಗೆ ಕಾಣದು. ಒಂಬತ್ತು ವರ್ಷ ಬರೀ ನಂಬಿಕೆಯ ಮೇಲೆ ನಡೆಯಿತು.

ಹೊಸ ಫೆರಿ ಬಂತು, ಹೊಗೆ ನಿಂತಿತು. ಮನೆಯಲ್ಲಿ ಮಾತೂ ಕಮ್ಮಿಯಾಯಿತು. (ಒಂದಕ್ಕೊಂದು ಸಂಬಂಧವಿದೆ ಎಂದು ನಾನು ಹೇಳಿಲ್ಲ. ಅಷ್ಟು ಧೈರ್ಯ ನನಗಿಲ್ಲ.) ಆದರೂ ಅವನು ದಿನಾ ಕಟ್ಟೆಗೆ ಹೋಗುವುದು ಬಿಡಲಿಲ್ಲ.

೨

ಮಂಗಳವಾರ, ಏಳು ನಲವತ್ತು. ಹೊಗೆ!

ಹನ್ನೆರಡು ಸೆಕೆಂಡು. ಅವನು ಮೂವತ್ತೊಂದು ಫೋಟೊ ಹೊಡೆದ. ಸ್ಟುಡಿಯೊದ ಶಟರ್ ಎತ್ತುವ ಮೊದಲೇ ಹಡಗು ಫೋಟೊದವರ ಆನ್‌ಲೈನ್ ಗುಂಪಿಗೆ ಒಂದನ್ನು ಹಾಕಿದ: 'ಕೊನೆಗೂ ಉಸಿರಾಡಿದಳು!'

"ಎಡಿಟ್ ಮಾಡಿದ್ದೀಯ, ಗುರು," ಎಂದ ಒಬ್ಬ.

"ಗ್ಯಾಸ್ ಕೈಕೊಟ್ರೆ ಇಂಜಿನ್ ಡೀಸೆಲ್‌ಗೆ ಬದಲಾಗುತ್ತೆ. ಇದು ಫಾಲ್ಟ್. ಹತ್ತೋರು ಹುಷಾರು," ಎಂದರು ಗುಂಪಿನ ಮಹಾಜ್ಞಾನಿ, ನಿವೃತ್ತ ಗುಮಾಸ್ತರು.

ಮಧ್ಯಾಹ್ನದ ಹೊತ್ತಿಗೆ ಫೋಟೊ ಕಂಪನಿಯ ಮ್ಯಾನೇಜರ್ ಮುಂದಿತ್ತು. ಲಾಗ್‌ಬುಕ್ಕಿನಲ್ಲಿ 'ಕಾರಣ' ಎಂಬ ಕಾಲಮ್ ಖಾಲಿ ಇದೆ, ನಾಳೆ ಒಂಬತ್ತರೊಳಗೆ ತುಂಬಿ ಎಂದು ಅವಳಿಗೆ ಹೇಳಿದರು.

೩

ಗ್ಯಾಸ್ ಕೈಕೊಟ್ಟಿತು ಎಂದು ಬರೆದರೆ, ಸೋಮವಾರವಷ್ಟೇ ಗ್ಯಾಸ್ ವಾಲ್ವ್ ಬಿಗಿದ ಫಿಟ್ಟರ್ ಕೆಲಸ ಕಳೆದುಕೊಂಡು ಮನೆಗೆ ಹೋಗುತ್ತಾನೆ. 'ನಾನೇ ಬೇಕೆಂದು ಡೀಸೆಲ್‌ಗೆ ಬದಲಾಯಿಸಿದೆ' ಎಂದು ಬರೆದರೆ ಅವಳು ಮನೆಗೆ ಹೋಗುತ್ತಾಳೆ.

ನಾನು ದಯಾಮಯ ಲೇಖಕ. ಮೂರನೆಯ ದಾರಿ ಹುಡುಕಿದೆ: ಗಂಡ ಆಫೀಸಿಗೆ ಓಡಿಹೋಗಿ 'ಹೊಗೆ ಎಡಿಟ್ ಮಾಡಿದ್ದು' ಎಂದು ಒಪ್ಪಿಕೊಳ್ಳುತ್ತಾನೆ. ಎಂಥ ತ್ಯಾಗ! ಎರಡು ಪುಟ ಬರೆದೂಬಿಟ್ಟೆ.

"ಇಂಜಿನ್ ಕಂಪ್ಯೂಟರಲ್ಲಿ ಹನ್ನೆರಡು ಸೆಕೆಂಡೂ ದಾಖಲಾಗಿದೆ," ಎಂದಳು ಅವಳು ನನಗೆ. "ಗೊತ್ತಿಲ್ಲದ ವಿಷಯಕ್ಕೆ ಯಾಕೆ ಕೈ ಹಾಕ್ತೀರಿ?"

ಎರಡು ಪುಟ ದಂಡವಾಯಿತು.

೪

ಸಂಜೆ. ಒಣಗಿದ ಬಟ್ಟೆ ಮಡಚುತ್ತಾ ಅವಳು ಕೇಳಿದಳು, "ಯಾಕೆ ಹಾಕ್ದೆ ಆ ಫೋಟೊನ?"

"ಚೆನ್ನಾಗಿ ಬಂದಿತ್ತು."

"ಗುಂಪಲ್ಲಿ ಎಷ್ಟು ಜನ ಇದ್ದಾರೆ?"

"ನಾಲ್ಕು ಸಾವಿರ."

"ನಂಗೆ ಕಳಿಸ್ಲಿಲ್ಲ." ಟವೆಲ್ಲಿನ ಅಂಚಿಗೆ ಅಂಚು ಕೂಡಿಸಿದಳು. "ಮ್ಯಾನೇಜರ್ ತೋರಿಸ್ದಾಗ ನೋಡ್ದೆ."

ಅವನಿಗೆ ಆಗ ಅರ್ಥವಾಯಿತು: ಆ ಹೊಗೆ ನಾಲ್ಕು ಸಾವಿರ ಜನಕ್ಕಲ್ಲ, ತನಗೊಬ್ಬನಿಗೆ. ಮುಖ ಸಣ್ಣದಾಯಿತು. ಫೋಟೊ ಅಳಿಸಿದ. ಅಷ್ಟರಲ್ಲಿ ಅದು ಊರೆಲ್ಲ ಸುತ್ತಿಯಾಗಿತ್ತು. ಇಲ್ಲಿ ನಾನು ತಮಾಷೆ ಮಾಡಬೇಕಿತ್ತು. ಆಗಲಿಲ್ಲ. ಇಬ್ಬರ ಮೇಲೂ ಪಾಪ ಅನ್ನಿಸಿತು.

"ನಿಮ್ಮ ಕಥೆ ಎಷ್ಟು ಜನ ಓದ್ತಾರೆ?" ಎಂದು ಅವಳು ನನ್ನ ಕಡೆ ತಿರುಗಿದಳು.

"ಹೆಚ್ಚಂದ್ರೆ ಇನ್ನೂರು." (ಸುಳ್ಳು. ಅಷ್ಟಿಲ್ಲ.)

"ಅವರಿಗೆಲ್ಲ ಹೇಳ್ತೀರಾ?"

ನಾನು ಪೆನ್ನಿನ ಮುಚ್ಚಳ ಹಾಕಿದೆ.

೬

(ಐದರಲ್ಲಿ ಅವರಿಬ್ಬರೂ ಮಾತಾಡಿದರು. ನಾನು ಹೊರಗಿದ್ದೆ.)

ಬುಧವಾರ ಬೆಳಿಗ್ಗೆ ಹಡಗು ಹತ್ತುವ ಮೊದಲು ಅವಳು ಕಾಲಮ್ ತುಂಬಿದಳು. ಒಂದೇ ಸಾಲು. ಬೆನ್ನ ಹಿಂದೆಯೇ ನಿಂತಿದ್ದ ನಾನು ಓದಿದೆ. ಫಿಟ್ಟರನ ಕೆಲಸಕ್ಕೆ ಕುತ್ತಿಲ್ಲ, ಅಷ್ಟು ಹೇಳಬಲ್ಲೆ. ಒಂಬತ್ತಾದ ಮೇಲೆ ಮ್ಯಾನೇಜರ್ ಏನು ಮಾಡಿದರು ಎಂಬುದು ನಿಮಗೆ ಬೇಕಾದರೆ ನೀವೇ ಬರೆದುಕೊಳ್ಳಿ. ನನ್ನ ಕಥೆಯಲ್ಲಿ ಇನ್ನೂ ಒಂಬತ್ತಾಗಿಲ್ಲ.

ಏಳು ನಲವತ್ತು. ಅವನು ಕಟ್ಟೆಯ ಮೇಲಿದ್ದ. ಕ್ಯಾಮೆರಾ ತಂದಿರಲಿಲ್ಲ. ಬಿಳಿ ಫೆರಿ ಹೊಗೆಯಿಲ್ಲದೆ, ಸದ್ದಿಲ್ಲದೆ ದಾಟುತ್ತಿತ್ತು. ಅವನು ಹಡಗಿಗೆ ಬೆನ್ನು ಮಾಡಿ ನಿಂತು, ಫೋನನ್ನು ತನ್ನ ಮುಖದ ಮುಂದೆ ಎತ್ತಿ ಹಿಡಿದ. ಇಪ್ಪತ್ತು ವರ್ಷ ಬೇರೆಯವರಿಗೆ ನಗಬೇಡಿ ಎಂದವನು.

ಒಂದೇ ಫೋಟೊ. ಕೆಳಗೆ, ಕಿಟಕಿಯಿಲ್ಲದ ಕಂಟ್ರೋಲ್ ರೂಮಿನಲ್ಲಿ, ಅವಳ ಫೋನ್ ಒಮ್ಮೆ ಸದ್ದು ಮಾಡಿತು.

ಅವನು ನಕ್ಕಿದ್ದನೇ ಎಂದು ನನ್ನನ್ನು ಕೇಳಬೇಡಿ. ಅದು ನಿಮಗೆ ಕಳಿಸಿದ್ದಲ್ಲ.