ದೇವರ ಗೂಡಿನ ಸೆಖೆ

ಧನಗೆರೆಯ ಕೋಮಲ ಯಾವುದನ್ನೂ ಒಮ್ಮೆ ನೋಡಿ ನಂಬಿದವಳಲ್ಲ. ಬೀಗ ಹಾಕಿದ ಮೇಲೆ ಮೂರು ಸಲ ಜಗ್ಗುವುದು, ಕೊಳ್ಳೇಗಾಲದ ಬಸ್ ನಿಲ್ದಾಣದಲ್ಲಿ ಬೋರ್ಡು ಓದಿಯೂ "ಮೈಸೂರೇ ಅಲ್ವಾ ಸಾ?" ಎಂದು ಕಂಡಕ್ಟರನ್ನು ಕೇಳುವುದು, ಸೀಟು ಸಿಕ್ಕರೂ ತುದಿಯಲ್ಲೇ ಕೂತು ಬ್ಯಾಗನ್ನು ಎದೆಗೆ ಅವುಚಿಕೊಳ್ಳುವುದು! ನಡೆಯುವಾಗಲೂ ಕಣ್ಣು ಮೊಬೈಲಿನ ಮೇಲೆ. ಎಡವಿದ ಹೆಬ್ಬೆರಳಿಗೆ ಸದಾ ಒಂದು ಪಟ್ಟಿ.

ಆ ಮೊಬೈಲಿನಲ್ಲೇ ಅವಳ ಎಂ.ಟೆಕ್. ಇತ್ತು. ಮನೆಮೂಲೆಯ ಸಾಮಾನುಗಳೇ ಗಣಕಗಳಾಗಿ ಮೊಬೈಲಿನೊಡನೆ ಸಂಭಾಷಿಸುವ ನೂತನ ವಿದ್ಯೆಯನ್ನು ಮೈಸೂರಿನಲ್ಲಿ ಓದುತ್ತಿದ್ದವಳು, ತಮ್ಮದೇ ರೇಷ್ಮೆಹುಳದ ಮನೆಯಲ್ಲಿ ಬೆಂಕಿಪೊಟ್ಟಣದಷ್ಟು ಪುಟ್ಟ ಯಂತ್ರವೊಂದನ್ನು ತೂಗುಹಾಕಿದ್ದಳು. ಅದು ಸೆಖೆ, ತೇವಗಳನ್ನು ಅಳೆದು ಅವಳಿಗೆ ಕಳಿಸಬೇಕು. ಆ ಅಂಕಿಗಳಿಂದ ಅವಳು, ಹುಳಕ್ಕೆ ಕೇಡು ಬರುವ ಮುನ್ನವೇ ರೈತರಿಗೆ ಎಚ್ಚರಿಕೆ ಹೋಗುವಂಥ ವ್ಯವಸ್ಥೆ ಕಟ್ಟಬೇಕು. ಕೊನೆಯ ಐದು ದಿನದ ಅಂಕಿಗಳ ಗೆರೆ ಎಷ್ಟು ಸಮವಾಗಿತ್ತೆಂದರೆ ಗೈಡ್ ಬಸವೇಶ ಸರ್ ತಲೆದೂಗಿದರು. ಬೆಳಿಗ್ಗೆ ಆರಕ್ಕೆ, ಸಂಜೆ ಆರಕ್ಕೆ ಮಾತ್ರ ಒಂದೊಂದು ಸಣ್ಣ ಏರು. ಅದು ಹುಳಗಳು ಮೇಯುವ ಹೊತ್ತಿನ ಮೈಕಾವು ಎಂದು ಕೋಮಲ ಎರಡು ಪುಟ ಬರೆದೂಬಿಟ್ಟಳು.

ಸೋಮವಾರ ಪರೀಕ್ಷಕರ ಮುಂದೆ ನಿಲ್ಲಬೇಕು. ಶನಿವಾರ ಊರಿಗೆ ಬಂದು ಹುಳದ ಮನೆಗೆ ಇಣುಕಿದರೆ ಯಂತ್ರವೇ ಇಲ್ಲ!

"ಉಳ ಜ್ವರಕ್ಕ ಕೂತಿದ್ವು ಕಣವ್ವ," ಎಂದಳು ತಾಯಿ ಶಂಕರಮ್ಮ. ಪೊರೆ ಬಿಡಲು ಹುಳ ಮೇವು ಬಿಟ್ಟು ಕೂರುವುದಕ್ಕೆ ಅಲ್ಲಿ ಜ್ವರ ಎನ್ನುತ್ತಾರೆ. ಆಗ ಯಾರ ಕಣ್ಣೂ ಬೀಳಬಾರದು. "ಅದು ಕೆಂಪಗ ಕಣ್ಣು ಮಿಟುಕುಸ್ತಾನೇ ಇತ್ತು. ಐದ್ ದಿನ ಆಯ್ತು, ತಕಂಡೋಗಿ ದೇವ್ರ ಗೂಡಲ್ಲಿ ಮಡಗ್ದಿ. ಭದ್ರವಾಗೇ ಅದ, ನೋಡೋಗು."

ವಿಭೂತಿ ಗಟ್ಟಿಯ ಪಕ್ಕ, ದೀಪದ ಮಗ್ಗುಲಲ್ಲಿ ಯಂತ್ರ ಹಾಯಾಗಿ ಕೂತಿತ್ತು. ಬೆಳಿಗ್ಗೆ ಆರು, ಸಂಜೆ ಆರು, ಅವ್ವ ದೀಪ ಹಚ್ಚುವ ಹೊತ್ತು. ತಾನು ಎರಡು ಪುಟ ಬರೆದ ಮೈಕಾವು ಈ ದೀಪದ್ದೇ ಎಂದು ಕೋಮಲ ಅವ್ವನಿಗೆ ಹೇಳಿದಳು.

"ಯಾರ್ ಬಂದು ನೋಡ್ತಾರ? ಸುಮ್ಕಿರು," ಎಂದು ಶಂಕರಮ್ಮ ಸಮಾಧಾನ ಹೇಳಿದಳು. ಸುಮ್ಮನಿದ್ದರೆ ಪದವಿ ಕೈಗೆ ಬಂದ ಹಾಗೆಯೇ. ಆದರೆ ಎರಡು ದಿನವೂ ಅವಳಿಗೆ ಒಂದೇ ಅಂಜಿಕೆ. ಬಂಡಳ್ಳಿಯಲ್ಲೋ ಮತ್ತೆಲ್ಲೋ ಯಾರೋ ಒಬ್ಬ ಆ ಎಚ್ಚರಿಕೆಯನ್ನೇ ನಂಬಿ ಕೂತು, ಮನೆತುಂಬ ಹುಳ ಕಳಕೊಂಡರೆ?

ಸೋಮವಾರ ಪರೀಕ್ಷಕರ ಮುಂದೆ ನಿಂತಳು. "ಸಾ, ಐದು ದಿನದ್ದು ಹುಳದ ಮನೆದಲ್ಲ. ನಮ್ಮನೆ ದೇವ್ರ ಗೂಡಿಂದು."

ಪರೀಕ್ಷಕರು ಬಿದ್ದು ಬಿದ್ದು ನಕ್ಕರು. ಬಸವೇಶ ಸರ್ ನಗಲಿಲ್ಲ. ಹುಳದ ಮತ್ತೊಂದು ಬೆಳೆ ಅಳೆದು ತರಬೇಕೆಂದು ಪರೀಕ್ಷಕರು ಅವಳ ಪರೀಕ್ಷೆಯನ್ನು ಆರು ತಿಂಗಳು ಮುಂದಕ್ಕೆ ಹಾಕಿದರು.

ಇಂಥವರನ್ನು ಪುಕ್ಕಲರೆಂದು ನಾವು ಆಡಿಕೊಳ್ಳುತ್ತೇವೆ. ಪುಕ್ಕಲರೇ ಹೌದು, ತಮಗಾಗುವ ಅವಮಾನಕ್ಕಿಂತ, ಮುಖವನ್ನೇ ಕಾಣದ ಯಾರಿಗೋ ತಮ್ಮಿಂದಾಗಬಹುದಾದ ಕೇಡಿಗೆ ಹೆಚ್ಚು ಹೆದರುವ ಪುಕ್ಕಲರು.