ನಿಂತೇ ಕೂರುವ ಹಲಗೆ

ಕೊಯ್ದ ಹಣ್ಣನ್ನು ಚೀಲಕ್ಕೆ ತುಂಬುವ ಮೊದಲು ರಾಶಿಯಿಂದ ಎಲೆ, ಕಡ್ಡಿ ಆರಿಸುತ್ತಾ ಕೂತಿದ್ದೆವು. ಕಾಫಿ ಕೊಯ್ಲಿನಲ್ಲಿ ನನಗೆ ಇಷ್ಟವಾದ ಕೆಲಸ ಇದು. ಬೆಳಗಿನಿಂದ ಕೊಂಬೆ ಎಳೆದು, ಬಗ್ಗಿ, ಎದ್ದು ಸಾಕಾದ ಮೇಲೆ ಹಾಸಿದ ಚೀಲದ ಮೇಲೆ ಕಾಲು ನೀಡಿ ಕೂರುವ ಹೊತ್ತು ಇದೊಂದೇ. ತೋಟದ ಲೆಕ್ಕ ಬರೆಯುವ ರೈಟರ್ ಆನಂದ್ ತೂಕಕ್ಕೆ ಬರುವವರೆಗೆ ಕೈ ಅದರ ಪಾಡಿಗೆ ಎಲೆ ಆರಿಸುತ್ತದೆ, ಬಾಯಿ ಅದರ ಪಾಡಿಗೆ ಮಾತಾಡುತ್ತದೆ.

ಆ ಬುಧವಾರ ಮಾತು ವಿಮಾನಕ್ಕೆ ಹೋಯಿತು. ತಂದವಳು ತೇಜಸ್ವಿನಿ. ಬಿ.ಎ. ಮುಗಿಸಿ, ಕೆಲಸ ಹುಡುಕುತ್ತಾ, ಈ ಸಲ ನಮ್ಮ ಜೊತೆ ಕೊಯ್ಲಿಗೆ ಬರುತ್ತಿದ್ದ ಹುಡುಗಿ. ಮೊಬೈಲನ್ನು ನನ್ನ ಕಡೆ ತಿರುಗಿಸಿದಳು.

"ಮುತ್ತಕ್ಕ, ಇಲ್ನೋಡಿ. ವಿಮಾನದಲ್ಲಿ ನಿಂತ್ಕೊಂಡ್ ಹೋಗೋ ಸೀಟು ಮಾಡ್ತಾರಂತೆ."

"ನಿಂತ್ಕೊಂಡ್ ಹೋಗೋಕೆ ಸೀಟ್ಯಾಕೇ?" ಎಂದಳು ವೀಣಾ. ನಮ್ಮ ಗುಂಪಿನಲ್ಲಿ ಬಾಯಿ ಜೋರು ಅವಳದು.

"ಪೂರ್ತಿ ನಿಲ್ಲೋದಲ್ಲ ವೀಣಕ್ಕ. ಸೈಕಲ್ ಸೀಟಿನ ಥರ ಒಂದು ಇರ್ತದೆ. ಅದಕ್ಕೆ ಒರಗಿದ ಹಾಗೆ ಅರ್ಧ ಕೂರೋದು. ಬೆಲ್ಟ್ ಹಾಕ್ತಾರೆ. ಅದೇ ಜಾಗಕ್ಕೆ ಜಾಸ್ತಿ ಜನ ಹಿಡೀತಾರೆ, ಟಿಕೆಟ್ ಕಮ್ಮಿ ಆಗ್ತದೆ. ಇನ್ನೂ ಯಾವ ವಿಮಾನಕ್ಕೂ ಹಾಕಿಲ್ಲ. ಬರೀ ಯೋಚನೆ."

"ಜನ ಏನಂತಾರೆ?" ಎಂದು ಕೇಳಿದೆ.

"ಜನ ಬಿಡ್ತಾರಾ! ಒಬ್ಬ ಬರ್ದಿದಾನೆ, ಮುಂದಿನ ಸಲ ರೆಕ್ಕೆ ಮೇಲೆ ಕೂರಿಸ್ತೀರಾ ಅಂತ. ಇನ್ನೊಬ್ಬ ಕೇಳ್ತಾನೆ, ನಾವೇನು ಕುರಿಗಳಾ ಅಂತ. ಇವಳ್ಯಾರೋ ಒಬ್ಳು, ಒಂದು ಗಂಟೆ ತಾನೆ, ಕಮ್ಮಿ ಆದ್ರೆ ನಿಂತೇ ಹೋಗ್ತೀನಿ ಅಂದ್ರೆ, ಅವಳಿಗೆ ಇನ್ನೂರು ಜನ ಬೈದಿದಾರೆ."

"ಕುರಿಗಳಾ ಅಂದ್ನಂತಾ? ಅವ್ನು ನಮ್ಮ ಪಿಕಪ್ ನೋಡಿಲ್ಲ ಪಾಪ," ಎಂದಳು ವೀಣಾ. ಎಲ್ಲರೂ ನಕ್ಕೆವು.

ನನಗೆ ಮಾತ್ರ ಆ ಚಿತ್ರ ಬಿಡಲಿಲ್ಲ. ಮೊಬೈಲನ್ನು ಈಸಿಕೊಂಡು ಹತ್ತಿರ ಹಿಡಿದು ನೋಡಿದೆ. ಗಿಡ್ಡಗಿರುವವರ ಕಾಲು ನೆಲಕ್ಕೆ ಮುಟ್ಟುತ್ತದೆಯೇ? ವಿಮಾನ ವಾಲಿದಾಗ ಭಾರ ಸೊಂಟದ ಮೇಲೆ ಬೀಳುತ್ತದೆಯೋ, ಮಂಡಿಯ ಮೇಲೋ? ಕೇಳಿದರೆ ತೇಜಸ್ವಿನಿಗೂ ಗೊತ್ತಿರಲಿಲ್ಲ.

"ನೀವ್ಯಾಕಕ್ಕ ಇಷ್ಟೊಂದು ಕೇಳ್ತೀರಿ? ಟಿಕೆಟ್ ತಗೊಂಡಿದೀರಾ?" ಎಂದಳು.

ನಾನು ಕೇಳಿದ್ದು ಚೋಮಿಗಾಗಿ. ಚೋಮಿ ನನ್ನ ಪಕ್ಕದಲ್ಲೇ ಕೂತು ಮಂಡಿ ನೀವಿಕೊಳ್ಳುತ್ತಿದ್ದಳು. ನಕ್ಕವರಲ್ಲಿ ಅವಳು ಸೇರಿರಲಿಲ್ಲ.

ನಮ್ಮೂರು ಗುಡ್ಡೆಹೊಸೂರಿನ ಆಚೆ. ತೋಟ ಅಮ್ಮತ್ತಿಯ ಹತ್ತಿರ. ಬೆಳಿಗ್ಗೆ ಆರೂವರೆಗೆ ಡ್ರೈವರ್ ಧರ್ಮೇಶ ತೋಟದ ಪಿಕಪ್ ತರುತ್ತಾನೆ, ಹದಿನೆಂಟು ಜನ ಹಿಂದೆ ಹತ್ತುತ್ತೇವೆ. ಮುಂದಿನ ಸೀಟಿನಲ್ಲಿ ರೈಟರು, ಅವರ ಪುಸ್ತಕ, ತಕ್ಕಡಿ, ಟೀ ಕ್ಯಾನು. ದುಬಾರೆ ರಸ್ತೆ ಹಿಡಿದು ಸಿದ್ದಾಪುರ ದಾಟಿ ಹೋಗಲು ಗಂಟೆಗೂ ಮೀರಿ ಬೇಕು. ಅಷ್ಟು ಹೊತ್ತೂ ನಿಂತೇ ಇರಬೇಕು. ಒಬ್ಬರ ಹೆಗಲು ಇನ್ನೊಬ್ಬರಿಗೆ ಕಂಬ.

ಹಿಂದಿನ ದಿನವಷ್ಟೇ ಒಂದು ತಿರುವಿನಲ್ಲಿ ಚೋಮಿಯ ಮಂಡಿ ಸೋತು ಅವಳು ಎಲ್ಲರ ಕಾಲಿನ ನಡುವೆ ಕುಸಿದಿದ್ದಳು. ಪೆಟ್ಟಾಗಲಿಲ್ಲ. ಆದರೆ ಧರ್ಮೇಶ ಹೆದರಿಬಿಟ್ಟ. "ಚೋಮಕ್ಕ, ರೋಡಿಗೇನಾದ್ರೂ ಬಿದ್ದಿದ್ರೆ ನಾನು ಜೈಲಿಗೆ ಹೋಗ್ಬೇಕಿತ್ತು. ಈ ವಾರ ಬಾ. ಸೋಮವಾರದಿಂದ ಮನೇಲಿರು," ಎಂದಿದ್ದ. ರೈಟರೂ ಹೂಂ ಅಂದಿದ್ದರು. ಗಿಡದ ಕೆಳಗೆ ನಿಂತರೆ ಚೋಮಿಯಷ್ಟು ಬೇಗ ಹಣ್ಣು ಇಳಿಸುವವರು ನಮ್ಮಲ್ಲಿ ಇನ್ನೊಬ್ಬರಿಲ್ಲ. ನನಗೆ ಕೊಯ್ಲು ಕಲಿಸಿದವಳೂ ಅವಳೇ. ಕೈಯಲ್ಲಿ ಕೆಲಸ ಇದ್ದೂ, ಅಲ್ಲಿಗೆ ತಲುಪಲಾಗದೆ ಕೆಲಸ ಬಿಡಬೇಕಿತ್ತು.

ಬೆಂಚು ಹಾಕಿಸಿಕೊಡಿ ಎಂದು ಕೇಳಬಹುದಲ್ಲ ಎನ್ನುತ್ತೀರಿ. ಮೂರು ವರ್ಷದ ಹಿಂದೆಯೇ ಕೇಳಲು ಹೊರಟಿದ್ದೆವು. ರಾತ್ರಿ ಶಾಲೆಯಲ್ಲಿ ಕಲ್ಲೇಶಪ್ಪ ಮೇಷ್ಟ್ರ ಹತ್ತಿರ ನಾನು ಓದು ಬರಹ ಕಲಿತಾಗ ವಯಸ್ಸು ನಲವತ್ತಾರು. ಅದಕ್ಕೇ ನಮ್ಮ ಗುಂಪಿನ ಕಾಗದ ಪತ್ರವೆಲ್ಲ ನನ್ನ ಪಾಲಿಗೆ ಬಂದಿದೆ. ಆ ಕಾಗದವನ್ನೂ ನಾನೇ ಬರೆದೆ, ಎಲ್ಲರೂ ಹೆಸರು ಹಾಕಿದರು. ಮಾರನೆಯ ದಿನ ವೀಣಾ ಪಿಕಪ್ಪಿನೊಳಗೆ ಚೀಲ ಮಡಿಸಿ ಹಾಸಿ, ಒಬ್ಬೊಬ್ಬರನ್ನೇ ಕೂರಿಸಿ ನೋಡಿದಳು. ಎಷ್ಟು ಒತ್ತಿದರೂ ಹತ್ತೇ ಜನ.

"ಹತ್ತು ಜನ ಕೂತ್ಕೊಂಡ್ ಹೋಗಿ. ನಾವೆಂಟು ಜನ ಮನೇಲಿ ಕೂತಿರ್ತೀವಿ," ಎಂದಿದ್ದಳು. ಅವಳ ಕೇರಿ ದಾರಿಯ ಕೊನೆಯಲ್ಲಿದೆ. ಕೊನೆಗೆ ಹತ್ತುವವರು ಅವರೇ. ಇನ್ನೊಂದು ಗಾಡಿ ಕೇಳೋಣ ಎಂದರೆ, ಪಕ್ಕದ ತೋಟದಲ್ಲಿ ಹಾಗೆ ಕೇಳಿದವರ ಗುಂಪನ್ನೇ ಬಿಟ್ಟು ಹೊರಗಿನಿಂದ ಆಳು ತರಿಸಿದ್ದರು. ಕಾಗದ ನನ್ನ ಮನೆಯ ಪಂಚಾಂಗದ ಹಿಂದೆ ಹೋಯಿತು, ಅಲ್ಲೇ ಉಳಿಯಿತು.

ಎಲೆ ಆರಿಸುತ್ತಾ ನಾನು ಅದನ್ನೇ ಯೋಚಿಸುತ್ತಿದ್ದೆ. ವಿಮಾನದವರಿಗೂ ನಮಗೂ ಲೆಕ್ಕ ಒಂದೇ. ಕೂರಿಸಿದರೆ ಕಮ್ಮಿ ಜನ, ನಿಲ್ಲಿಸಿದರೆ ಜಾಸ್ತಿ ಜನ. ಅವರು ಕೂತವರನ್ನು ಅರ್ಧ ಎಬ್ಬಿಸುತ್ತಾರಂತೆ. ನಿಂತ ನಮ್ಮನ್ನು ಅರ್ಧ ಕೂರಿಸಿದರೆ?

ಬಾಯಿಬಿಟ್ಟು ಹೇಳಿದೆ.

"ಅಯ್ಯೋ, ಮುತ್ತಕ್ಕ ಪಿಕಪ್ಪಿಗೆ ವಿಮಾನದ ಸೀಟು ಹಾಕಿಸ್ತಾರಂತೆ ಕಣ್ರೇ!" ಎಂದು ವೀಣಾ ಕೂಗಿದಳು. "ಧರ್ಮೇಶ ಏನ್ ಮಾಡ್ಬೇಕು, ರೆಕ್ಕೆ ಬಡೀಬೇಕಾ?"

ನಕ್ಕರೂ ಅವಳಿಗೂ ಕುತೂಹಲ. ಮಾರನೆಯ ದಿನ ಊಟದ ಹೊತ್ತಿಗೆ ನನಗಿಂತ ಮೊದಲು ಪಿಕಪ್ಪಿನ ಹತ್ತಿರ ಹೋದವಳು ಅವಳೇ. ಕರಿಮೆಣಸು ಕೊಯ್ಯುವ ಒಂಟಿ ಬಿದಿರಿನ ಏಣಿಯನ್ನು ಎಳೆದು ತಂದಿದ್ದಳು. ಮುಂದೆ ಮಲಗಿದ್ದ ಧರ್ಮೇಶ ಎದ್ದು, "ಏನ್ರವ್ವಾ ಇದು, ನನ್ ಗಾಡೀನ ಚಪ್ಪರ ಮಾಡ್ತೀರಾ?" ಎನ್ನುವಷ್ಟರಲ್ಲಿ ಏಣಿಯನ್ನು ಪಕ್ಕದ ಕಂಬಿಗೆ ಉದ್ದಕ್ಕೆ ಕಟ್ಟಿ ಆಗಿತ್ತು.

ವೀಣಾ ಮೊದಲು ಒರಗಿದಳು. ಒರಗಿದ್ದೇ ತಡ ಚಂಗನೆ ಹಾರಿದಳು. ಒಂಟಿ ಬಿದಿರಿನ ಏಣಿಯಲ್ಲಿ ಕಾಲಿಡಲು ಗೆಣ್ಣಿನ ಹತ್ತಿರ ಕೊಂಬೆಯ ಮೋಟು ಬಿಟ್ಟಿರುತ್ತಾರೆ. ಇಪ್ಪತ್ತು ವರ್ಷ ಅದನ್ನು ಹತ್ತಿ ಇಳಿದ ನಮಗೆ, ಕಾಲಿಗೆ ಒಳ್ಳೆಯದು ಬೇರೆ ಕಡೆಗೆ ಒಳ್ಳೆಯದಲ್ಲ ಎನ್ನುವುದು ಹೊಳೆದಿರಲಿಲ್ಲ. ಚೋಮಿ ಆ ವಾರ ಮೊದಲ ಸಲ ನಕ್ಕಳು. ಸೆರಗು ಬಾಯಿಗೆ ಒತ್ತಿಕೊಂಡು ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು.

ಆಮೇಲೆ ಮೂಟೆ ಹತ್ತಿಸುವ ಹಲಗೆ ತಂದೆವು. ಅಗಲವಾದ ಸಿಲ್ವರ್ ಓಕ್ ಮರದ ಹಲಗೆ. ಅದಕ್ಕೆ ಗೋಣಿಚೀಲ ಸುತ್ತಿದೆವು. ಎತ್ತರ ನೋಡಲು ಚೋಮಿಯನ್ನೇ ನಿಲ್ಲಿಸಿ ಅವಳ ಸೊಂಟದ ಕೆಳಗೆ ಸರಿಯಾಗಿ ಕಟ್ಟಿದೆವು. ಅವಳಿಗೆ ಹೇಳಿ ಮಾಡಿಸಿದ ಹಾಗಿತ್ತು. ಉದ್ದಗಿದ್ದ ತೇಜಸ್ವಿನಿಗೆ ಮಾತ್ರ ತೊಡೆಯ ನಡುವಿಗೆ ಬಂದು, ಅವಳು ಹಿಂದಕ್ಕೆ ಬಿದ್ದೇ ಹೋಗುತ್ತಿದ್ದಳು.

"ಇದು ಚೋಮಕ್ಕನ ವಿಮಾನ. ನಮಗೆ ಬೇರೆ ತರಿಸಿ," ಎಂದಳು.

ಹಲಗೆಯನ್ನು ಬಿಚ್ಚಿ, ಈ ಸಲ ಒಂದು ತುದಿ ಕೆಳಗೆ, ಒಂದು ತುದಿ ಮೇಲೆ ಬರುವಂತೆ ಸ್ವಲ್ಪ ಓರೆಯಾಗಿ ಕಟ್ಟಿದೆವು. ಗಿಡ್ಡಗಿರುವವರು ಮುಂದೆ, ಉದ್ದಗಿರುವವರು ಹಿಂದೆ. ಶಾಲೆಯ ಮಕ್ಕಳ ಸಾಲಿನ ಹಾಗೆ. ಒಂದು ಹಲಗೆಗೆ ಆರು ಜನ ಹಿಡಿದರು. ಹೀಗೆ ಎರಡು ಪಕ್ಕಕ್ಕೂ ಹಾಕಿದರೆ ಹನ್ನೆರಡು, ಮುಂದಿನ ಅಡ್ಡಕ್ಕೆ ಮೂರು. ಉಳಿದ ಮೂವರು ನಡುವೆ ನಿಲ್ಲಬೇಕು. ದಿನಕ್ಕೆ ಮೂವರಂತೆ ಸರದಿ ಹಾಕಿಕೊಂಡರೆ ಆಯಿತು. ಯಾರೂ ಮನೆಯಲ್ಲಿ ಉಳಿಯಬೇಕಿಲ್ಲ.

"ಒಂದ್ ರೌಂಡ್ ಹೊಡಿಯೋ ಧರ್ಮೇಶ," ಎಂದೆ.

ತೋಟದ ಮಣ್ಣಿನ ರಸ್ತೆಯಲ್ಲಿ, ಗುಂಡಿ ಇದ್ದ ಕಡೆಯೇ ಬೇಕೆಂದು ಓಡಿಸಿದ. ನಾನು ಚೋಮಿಯ ಮುಖ ನೋಡುತ್ತಿದ್ದೆ. ಕಣದವರೆಗೆ ಹೋಗಿ ಬಂದ ಮೇಲೆ ಅವಳು ಮಂಡಿಯ ಮೇಲೆ ಕೈಯಿಟ್ಟು, ಒಳಗಿನ ಸದ್ದು ಕೇಳುವವಳ ಹಾಗೆ ಸ್ವಲ್ಪ ಹೊತ್ತು ನಿಂತಳು.

"ಸುಮ್ನದೆ ಮುತ್ತಕ್ಕ. ಏನೂ ಅಂತಿಲ್ಲ ಅದು," ಎಂದಳು.

ಅಷ್ಟರಲ್ಲಿ ರೈಟರ್ ಆನಂದ್ ಬಂದರು. ಹಲಗೆ ಕಾಣದೆ ಹುಡುಕುತ್ತಿದ್ದರಂತೆ. ಬಯ್ಯಲು ಬಾಯಿ ತೆರೆದವರು ಪಿಕಪ್ ಹತ್ತಿ, ಹಲಗೆ ಅಲ್ಲಾಡಿಸಿ, ತಾವೂ ಒಂದು ಸಲ ಒರಗಿ ನೋಡಿದರು.

"ಹಗ್ಗದಲ್ಲಿ ಕಟ್ಟಿದ್ದು ಎಷ್ಟು ದಿನ ನಿಲ್ತದೆ? ಕಬ್ಬಿಣದ ಕಂಬಿ ಹಾಕಿ, ನಟ್ಟು ಬೋಲ್ಟು ಮಾಡಿಸ್ಬೇಕು. ವೆಲ್ಡಿಂಗ್ ಬೇಕು. ಓನರ್ ಒಪ್ಪಬೇಕು."

"ನೀವು ಒಂದು ಮಾತು ಹೇಳಿ ಸಾರ್," ಎಂದೆ.

ಅವರು ಕತ್ತು ಕೆರೆದುಕೊಂಡರು. "ನಾನು ಹೇಳಿದ್ರೆ ನನ್ನ ಮಾತಾಗ್ತದೆ ಮುತ್ತಕ್ಕ. ರೈಟರು ಆಳುಗಳ ಕಡೆ ಅಂತಾರೆ. ನನ್ನ ಕೈಗೂ ಕೊಡ್ಬೇಡಿ. ನೀವೇ ಬರೆದು ಮೈಸೂರಿಗೆ, ಓನರ್ ಮನೆಗೆ ಪೋಸ್ಟ್ ಮಾಡಿ. ಅವರು ನನ್ನನ್ನ ಕೇಳಿದ್ರೆ, ಹೌದು ಸಾರ್, ಚೆನ್ನಾಗಿದೆ ಅಂತೀನಿ." ನಮ್ಮಲ್ಲಿ ಕೇಳಿಕೆ ಏನಿದ್ದರೂ ರೈಟರ ಕೈ ದಾಟಿ ಹೋಗುವುದಿಲ್ಲ. ಹೀಗೆ ಅವರೇ ದಾರಿ ಬಿಟ್ಟುಕೊಟ್ಟದ್ದು ಇದೇ ಮೊದಲು.

ಶುಕ್ರವಾರ ಎಲೆ ಆರಿಸುವ ಹೊತ್ತಿಗೆ ಹಳೆಯ ಕಾಗದವನ್ನೂ ಹೊಸ ಹಾಳೆಯನ್ನೂ ಇಟ್ಟುಕೊಂಡು ಕೂತೆ. ಬೆಂಚು ಎಂದಿದ್ದ ಕಡೆ ಒರಗುವ ಹಲಗೆ ಎಂದು ಬರೆಯುತ್ತಿದ್ದರೆ ತೇಜಸ್ವಿನಿ ಮುಖ ಗಂಟು ಹಾಕಿಕೊಂಡಳು.

"ಅಕ್ಕ, ಬೇಜಾರು ಮಾಡ್ಕೋಬೇಡಿ. ಪ್ರಪಂಚವೆಲ್ಲ ಥೂ ಅಂತಿರೋ ಸೀಟನ್ನ ನಾವು ಕೈಮುಗಿದು ಕೇಳ್ತಿದೀವಿ. ಇದೇ ಸಾಕು ಅಂದ್ಕೋತಾರೆ ಅವ್ರು. ಆಮೇಲೆ ಬೆಂಚು ಕೇಳಿದ್ರೆ, ಹಲಗೆ ಕೊಟ್ಟಿದೀವಲ್ಲ ಅಂತಾರೆ."

"ಬೆಂಚು ಬರೋವರೆಗೆ ಚೋಮಕ್ಕ ಎಲ್ಲಿರ್ತಾರೆ? ನಿನ್ ಮೊಬೈಲಲ್ಲಾ?" ಎಂದಳು ವೀಣಾ.

"ಹಾಗಂತ ಬರೀದೇ ಬಿಡೋದಾ ವೀಣಕ್ಕ? ಸಾಮಾನಿನ ಗಾಡೀಲಿ ಜನ ತುಂಬೋದೇ ತಪ್ಪು."

ಇಬ್ಬರ ಮಾತೂ ನನಗೆ ಸರಿ ಅನ್ನಿಸಿತು. ವಿಮಾನದಲ್ಲಿ ಕೂತು ಹೋಗುವವರಿಗೆ ಅದು ಇಳಿಯುವ ಮೆಟ್ಟಿಲು, ಅವರು ಬೈಯುವುದು ನ್ಯಾಯವೇ. ನಮಗೆ ಅದೇ ಹತ್ತುವ ಮೆಟ್ಟಿಲು. ಆದರೆ ಹುಡುಗಿ ಹೇಳುವಂತೆ, ಮೆಟ್ಟಿಲ ಮೇಲೆಯೇ ನಿಂತುಬಿಟ್ಟರೆ ಮನೆ ಸೇರುವುದು ಯಾವಾಗ? ತುಂಬಾ ಹೊತ್ತು ಪೆನ್ನು ಹಿಡಿದು ಕೂತಿದ್ದೆ. ಕೊನೆಗೆ ಹೀಗೆ ಬರೆದೆ:

"ತೋಟದ ಮಾಲೀಕರಿಗೆ ಕೊಯ್ಲಿನ ಹದಿನೆಂಟು ಜನ ಮಾಡುವ ನಮಸ್ಕಾರಗಳು. ನಾವು ದಿನಾ ಎರಡು ಗಂಟೆಗೂ ಹೆಚ್ಚು ಹೊತ್ತು ಪಿಕಪ್ಪಿನಲ್ಲಿ ನಿಂತು ಬಂದು ಹೋಗುತ್ತೇವೆ. ಚೋಮಿಯವರಿಗೆ ಮಂಡಿ ನೋವು. ಅವರ ಕೆಲಸ ನಿಮಗೇ ಗೊತ್ತಿದೆ. ಅವರು ನಿಂತು ಬರಲಾರರು. ಪಕ್ಕಕ್ಕೆ ಎರಡು, ಮುಂದೆ ಒಂದು ಹಲಗೆ ಹಾಕಿಸಿ, ಹಿಡಿಯಲು ಮೇಲೆ ಕಂಬಿ ಹಾಕಿಸಿಕೊಡಬೇಕು. ನಾವು ಕಟ್ಟಿ ನೋಡಿದ್ದೇವೆ, ಹದಿನೆಂಟು ಜನಕ್ಕೂ ಆಗುತ್ತದೆ. ಅಳತೆ ಹಿಂದಿನ ಪುಟದಲ್ಲಿದೆ. ಇದು ಈ ಕೊಯ್ಲಿಗೆ. ಮುಂದಿನ ಕೊಯ್ಲಿಗೆ ಎಲ್ಲರೂ ಕೂತು ಬರುವ ಗಾಡಿ ಬೇಕು. ಅದನ್ನು ಕೇಳುವುದನ್ನು ನಾವು ಬಿಟ್ಟಿಲ್ಲ."

ಕೊನೆಯ ಎರಡು ಸಾಲು ತೇಜಸ್ವಿನಿಗಾಗಿ ಹಾಕಿದ್ದು. ಓದಿ ಹೇಳಿದಾಗ ಅವಳು, "ಬಿಟ್ಟಿಲ್ಲ ಅನ್ನೋದನ್ನ ಸ್ವಲ್ಪ ದಪ್ಪಕ್ಕೆ ಬರೀರಿ," ಎಂದಳು. ಬರೆದೆ. ಮೂರು ವರ್ಷದ ಹಿಂದೆ ಮುಖ ತಿರುಗಿಸಿದ್ದ ವೀಣಾ ಮೊದಲು ಹೆಸರು ಹಾಕಿದಳು. ಚೋಮಿ ತನ್ನ ಹೆಬ್ಬೆಟ್ಟಿಗೆ ಮಸಿ ಹಚ್ಚಿಕೊಂಡು, ಎಲ್ಲಿ ಒತ್ತಬೇಕೆಂದು ಎರಡು ಸಲ ಕೇಳಿ, ನಿಧಾನವಾಗಿ ಒತ್ತಿದಳು.

ಶನಿವಾರ ಬಟವಾಡೆಯ ದಿನ. ವಾಪಸ್ಸು ಬರುವಾಗ ಸಾಮಾನು ಕೊಳ್ಳಲು ಅಮ್ಮತ್ತಿ ಪೇಟೆಯಲ್ಲಿ ಅರ್ಧ ಗಂಟೆ ಗಾಡಿ ನಿಲ್ಲುತ್ತದೆ. ಎಲ್ಲರೂ ಅಂಗಡಿ ಕಡೆ ಹೋದರು. ನಾನು ಮತ್ತು ಚೋಮಿ ಅಂಚೆ ಪೆಟ್ಟಿಗೆಯ ಕಡೆ ನಡೆದೆವು. ಅವಳು ಮೆಲ್ಲಗೆ ಕಾಲು ಹಾಕುತ್ತಿದ್ದಳು. ನನಗೂ ಅವಸರವಿರಲಿಲ್ಲ.

"ಅವರು ಬ್ಯಾಡ ಅಂದ್ರೆ?" ಎಂದು ಕೇಳಿದಳು.

"ಅಂದ್ರೆ ಇನ್ನೊಂದು ಬರೀತೀನಿ."

"ಮೈಸೂರಿಗೆ ಯಾವಾಗ ಮುಟ್ತದೆ?"

"ಮಂಗಳವಾರ ಬುಧವಾರ ಅಂತಿಟ್ಕೋ."

ಅವಳು ಬೆರಳು ಮಡಿಸಿ ಎಣಿಸಿದಳು. ಸೋಮವಾರ ಮೊದಲು ಬರುತ್ತದೆ ಎನ್ನುವುದು ಇಬ್ಬರಿಗೂ ತಿಳಿದಿತ್ತು. ಹಿಂದಿನಿಂದ ಧರ್ಮೇಶ ಬೀಡಿ ಕಟ್ಟು ಜೇಬಿಗೆ ಹಾಕುತ್ತಾ ಬಂದ. ನಮ್ಮ ಕೈಯಲ್ಲಿದ್ದ ಲಕೋಟೆ ನೋಡಿದ. ನಾನು ಸುಮ್ಮನೆ ಅವನ ಮುಖ ನೋಡುತ್ತಾ ನಿಂತೆ. ನನಗೆ ಬರುವ ವಿದ್ಯೆ ಅದೊಂದೇ, ಕಾಯುವುದು. ಅವನು ಅತ್ತ ನೋಡಿದ, ಇತ್ತ ನೋಡಿದ.

"ಏನು ಹಾಗ್ ನೋಡ್ತೀರಿ ಮುತ್ತಕ್ಕ? ಹಲಗೆ ನಾನಿನ್ನೂ ಬಿಚ್ಚಿಲ್ಲ," ಎಂದ. "ರೈಟರೂ ಕೇಳಿಲ್ಲ. ಉತ್ತರ ಬರೋವರೆಗೆ ಇರ್ಲಿ ಬಿಡಿ. ಚೋಮಕ್ಕ, ಸೋಮವಾರ ಆರೂವರೆಗೆ ರೋಡಿಗೆ ಬಂದಿರು. ಲೇಟಾದ್ರೆ ನಿಲ್ಸಲ್ಲ, ನೋಡು."

ಚೋಮಿ ನನ್ನ ಕೈಯಿಂದ ಲಕೋಟೆ ತೆಗೆದುಕೊಂಡಳು. ಯಾವ ಕಡೆ ಮೇಲೆ ಎಂದು ತಿರುಗಿಸಿ ತೋರಿಸಿ ಕೇಳಿದಳು. ಹೇಗಾದರೂ ಆಗುತ್ತದೆ ಎಂದೆ. ಪೆಟ್ಟಿಗೆಯ ಬಾಯಿಗೆ ಅರ್ಧ ತೂರಿಸಿ, ಒಂದು ಗಳಿಗೆ ಹಿಡಿದುಕೊಂಡು, ಬಿಟ್ಟಳು.