ಮುಚ್ಚಳದ ತೂತು

ಭಾನುವಾರದ ಪೂಜೆ ಮುಗಿಸಿ, ಇಗರ್ಜಿಗೆ ಹಾಕಿದ್ದ ಕೋಟಿನಲ್ಲೇ, ಬಿಸಿ ಪ್ಲೋಯ್ ದೋಸೆಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಕಾಡಿಗೆ ಬಂದ ಒಬೆಲಿನ್‌ಗೆ ಮೊದಲು ಕಂಡದ್ದು ಉರುಳಿದ ಮೇಪಲ್ ಮರ, ಆಮೇಲೆ ಅದರಡಿಯಲ್ಲಿ, ಮರ ಕಡಿಯಲು ಬಂದಿದ್ದ ಗಂಡ ಲಿಯೊನಿದ್. ಕಾಂಡ ಅವನ ಎರಡೂ ತೊಡೆಗಳ ಮೇಲೆ ಕೂತಿತ್ತು. ತಲೆ ಇಳಿಜಾರಿನ ಕೆಳಗಡೆಗಿತ್ತು. ಕಾಂಡ ಅವನ ಎದೆಗೆ ಉರುಳದಂತೆ ತಡೆದಿದ್ದದ್ದು ಒಂದು ಎಳೆಯ ಬರ್ಚ್ ಗಿಡ ಮಾತ್ರ. ಅದೂ ಬಾಗಿ ಚಟಚಟ ಎನ್ನುತ್ತಿತ್ತು. ಹತ್ತಿರದ ಮನೆ ಐದು ಮೈಲಿ ದೂರ.

"ಅಳಬೇಡ ಕಣೇ. ಕೊಂಬೆ ಕಡೆಯ ಭಾರ ಕತ್ತರಿಸಿಬಿಡು," ಅಂದ ಲಿಯೊನಿದ್. ಬಾಯಲ್ಲಿ ಎಂದಿನಂತೆ ಸ್ಪ್ರೂಸ್ ಮರದ ಅಂಟು ಜಗಿಯುತ್ತಿದ್ದ.

"ಯಾರು ಅತ್ತಿದ್ದು? ಸುಮ್ನೆ ಬಿದ್ದಿರು."

ಮರ ಕೊಯ್ಯುವ ಹಳೇ ಮಷೀನು ಹಗ್ಗದ ಮೂರನೇ ಎಳೆತಕ್ಕೆ ಗುಡುಗಿತು. ಗೇಣುದ್ದ ಕೊಯ್ದು, ನರಳಿ, ನಿಂತುಬಿಟ್ಟಿತು.

ಇಂಥ ಮಷೀನುಗಳನ್ನು ರಿಪೇರಿ ಮಾಡುತ್ತಿದ್ದವನ ಮಗಳು ಆಕೆ. ಪೆಟ್ರೋಲ್ ಮುಂದೆ ಹೋಗುತ್ತಿಲ್ಲ ಎಂದು ಸದ್ದಿನಲ್ಲೇ ತಿಳಿಯಿತು. ಟ್ಯಾಂಕಿನ ಮುಚ್ಚಳ ತಿರುಗಿಸಿದಾಗ ಗಾಳಿ 'ಉಸ್' ಎಂದು ಒಳಗೆ ನುಗ್ಗಿತು. ಅವಸರದಲ್ಲಿ ಅದಕ್ಕೆ ಕಿವಿಗೊಡಲಿಲ್ಲ. ಟ್ಯಾಂಕಿನ ತುಂಬ ಪೆಟ್ರೋಲ್ ಇತ್ತು. ತಂತಿ ಬಗ್ಗಿಸಿ ಫಿಲ್ಟರನ್ನು ಹೊರಗೆ ಎಳೆದಳು. ಕೊಳೆ ಕಟ್ಟಿತ್ತು. ಸಿಕ್ಕಿದ ಕಳ್ಳ ಎಂದುಕೊಂಡು ಪೆಟ್ರೋಲಿನಲ್ಲೇ ಜಾಲಿಸಿ, ಊದಿ, ನಳಿಗೆಗೆ ಸಿಕ್ಕಿಸಿ ಹಗ್ಗ ಎಳೆದಳು. ಮಷೀನು ಓಡಿತು. ಒಂದೇ ನಿಮಿಷ. ಮತ್ತೆ ನಿಂತಿತು.

ಆಗಲೇ ಬರ್ಚ್ ಇನ್ನಷ್ಟು ಬಾಗಿ, ಕಾಂಡ ಸೊಂಟದತ್ತ ಜರುಗಿತು. ಲಿಯೊನಿದ್ ಕಿರುಚಿದ. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಅವನ ಬಾಯಿಂದ ಆಕೆ ಅಂಥ ಸದ್ದು ಕೇಳಿರಲಿಲ್ಲ.

"ತಾಯಿ ಸಂತ ಆನ್ನಾ," ಎನ್ನುತ್ತಾ ಮತ್ತೆ ಮುಚ್ಚಳ ತಿರುಗಿಸಿದಳು. ಮತ್ತೆ 'ಉಸ್'. ಈ ಸಲ ಕೈ ನಿಂತಿತು. ಪೆಟ್ರೋಲ್ ಹೊರಗೆ ಹೋದಷ್ಟೂ ಗಾಳಿ ಒಳಗೆ ಬರಬೇಕು. ಬರಲಿಕ್ಕೆಂದೇ ಮುಚ್ಚಳದಲ್ಲಿ ಸೂಜಿಮೊನೆಯಷ್ಟು ತೂತಿರುತ್ತದೆ. ಇಲ್ಲಿ ತೂತೇ ಕಾಣಲಿಲ್ಲ. ಹಿಂದೆ ಪೆಟ್ರೋಲ್ ಸೋರುತ್ತಿದ್ದದ್ದೂ ಇಲ್ಲಿಂದಲೇ.

"ಇದು ಸೋರೋದನ್ನ ಹೇಗೆ ನಿಲ್ಲಿಸಿದೆ?"

"ಹೊಸ ಮುಚ್ಚಳ ಹಾಕ್ದೆ ಅಂದಿದ್ನಲ್ಲ..."

"ನಿಜ ಹೇಳು ಮಾರಾಯ! ಸಾಯೋ ಹೊತ್ತಲ್ಲಾದ್ರೂ!"

ಅವನು ಕಣ್ಣು ಮುಚ್ಚಿದ. "ಅಂಟು. ಜಗಿದು ಮೆತ್ತಿದೆ. ನಿನ್ನ ಕೋಟಿನ ಮೇಲೆ ಸೋರ್ತು ಅಂತ ನೀನು ಮೂರು ದಿನ ನನ್ನ ಜೊತೆ ಮಾತು ಬಿಟ್ಟಿದ್ದೆ. ತಡ್ಕೊಳ್ಳೋಕೆ ಆಗ್ಲಿಲ್ಲ."

ಒಂದು ಹಾಳು ಕೋಟಿಗಾಗಿ! ಒಬೆಲಿನ್ ತಲೆಯ ಪಿನ್ನು ಕಿತ್ತು, ಗಟ್ಟಿಯಾದ ಅಂಟನ್ನು ಕೆದಕಿದಳು. ಪಿನ್ನು ಮುರಿಯಿತು. ಇನ್ನೊಂದು ಕಿತ್ತಳು. ಕೊನೆಗೆ ತೂತಿನಾಚೆ ಬೆಳಕು ಕಂಡಿತು.

ಮಷೀನು ಓಡಿತು. ಒಂದು ನಿಮಿಷ ದಾಟಿತು, ಎರಡು ದಾಟಿತು. ತೋಳಿಗೆ ಪೆಟ್ರೋಲ್ ತೊಟ್ಟಿಕ್ಕುತ್ತಿದ್ದರೂ ಕೈ ಬಿಡಲಿಲ್ಲ. ಕೊಂಬೆಗಳ ಭಾರ ಕಳಚಿ ಬಿತ್ತು. ಉದ್ದನೆಯ ಗಳುವನ್ನು ಅಡಿಗೆ ಕೊಟ್ಟು ಮೀಟಿ ಕಾಂಡವನ್ನು ಎರಡು ಬೆರಳಷ್ಟು ಎತ್ತಿದಳು. ಅವನು ಮೊಣಕೈ ಊರಿ ಪಕ್ಕಕ್ಕೆ ತೆವಳಿದ. ಬರ್ಚ್ ಮುರಿದು ಕಾಂಡ ಉರುಳಿದಾಗ ಅದರಡಿ ಸಿಕ್ಕಿದ್ದು ಅವನ ಟೋಪಿ ಮಾತ್ರ.

ತಾನು ಬಂದಿದ್ದ ಟ್ರಕ್ಕಿನಲ್ಲಿ ಅವನನ್ನು ಮಲಗಿಸಿಕೊಂಡು ಆಸ್ಪತ್ರೆಯ ದಾರಿ ಹಿಡಿದಳು. ಆಕೆಯ ಕಾಲ ಬಳಿ ವಾಲಿದ್ದ ಮಷೀನು ಕೋಟಿನ ಅಂಚಿಗೆ ತೊಟ್ಟು ತೊಟ್ಟಾಗಿ ಸೋರುತ್ತಿತ್ತು.

"ಮತ್ತೆ ಸೋರ್ತಿದೆ," ಅಂದ ಅವನು ಅಂಜುತ್ತಾ, ಜಗಿಯುತ್ತಲೇ. "ಸ್ವಲ್ಪ ಅಂಟು ಮೆತ್ತಲಾ?"

"ಮೆತ್ತು ನೋಡೋಣ," ಅಂದಳು ಒಬೆಲಿನ್. ಅಲ್ಲಿಯವರೆಗೆ ತಡೆದಿದ್ದ ಅಳು ಆಗ ಬಂತು.